ಡೇರಿಯ ಲೆಕ್ಕ ಕೇಳುವ ಊರು, ಶಾಲೆಯ ಲೆಕ್ಕವನ್ನೂ ಕೇಳಲಿ

ಮೂವತ್ತು ಮಕ್ಕಳಿರುವ ಸರ್ಕಾರಿ ಪ್ರಾಥಮಿಕ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ನಿಗದಿಯಾಗಿರುವ ಶಾಲಾ ಅನುದಾನ ವರ್ಷಕ್ಕೆ 10 ಸಾವಿರ ರೂಪಾಯಿ. ಮೂವತ್ತೊಂದನೇ ಮಗು ದಾಖಲಾದರೆ ಅದೇ ಶಾಲೆಗೆ 25 ಸಾವಿರ. ಮಕ್ಕಳ ಸಂಖ್ಯೆ ನೂರು ದಾಟಿದರೆ 50 ಸಾವಿರ, 250 ದಾಟಿದರೆ 75 ಸಾವಿರ, ಸಾವಿರ ದಾಟಿದರೆ ಒಂದು ಲಕ್ಷ. ಚಾಕ್‌ಪೀಸು, ರಿಜಿಸ್ಟರು, ಬಲ್ಬು, ನಲ್ಲಿ, ಬಾಗಿಲಿನ ಚಿಲಕ, ಒಡೆದ ಹೆಂಚು, ಗೋಡೆಯ ಸುಣ್ಣಬಣ್ಣ, ಶೌಚಾಲಯದ ಫಿನಾಯಿಲು ಎಲ್ಲವೂ ಈ ದುಡ್ಡಿನಲ್ಲೇ ಆಗಬೇಕು. ಅದರಲ್ಲೂ ಹತ್ತರಲ್ಲೊಂದು ಪಾಲು ಸ್ವಚ್ಛತೆಗೇ ಮೀಸಲು.

ಈ ಹಣವನ್ನು ಹೇಗೆ ಖರ್ಚು ಮಾಡಬೇಕು, ಕೊರತೆ ಬಿದ್ದದ್ದನ್ನು ಎಲ್ಲಿಂದ ತರಬೇಕು ಎಂದು ಕೂತು ಯೋಚಿಸಬೇಕಾದದ್ದು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಊರಿನ ಬಾಯಲ್ಲಿ ಅದು ಎಸ್‌ಡಿಎಂಸಿ. ಲಾಭದ ಆಸೆ ಇಲ್ಲದ, ಸಂಬಳ ಪಡೆಯುವ ಒಬ್ಬ ಗುಮಾಸ್ತನೂ ಇಲ್ಲದ, ತಂದೆತಾಯಿಯರು ಮತ್ತು ಮೇಷ್ಟ್ರು ಸೇರಿ ನಡೆಸುವ ಈ ಸಮಿತಿಗಿಂತ ಚಿಕ್ಕ ಸಂಸ್ಥೆ ನಮ್ಮ ಸಾರ್ವಜನಿಕ ಬದುಕಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಹಾಗೆಯೇ ಇದರಷ್ಟು ಕಡಿಮೆ ಜನರ ಕಣ್ಣಿಗೆ ಬೀಳುವ ಜಮಾಖರ್ಚೂ ಇನ್ನೊಂದಿಲ್ಲ.

ರಾಮನಗರ ತಾಲ್ಲೂಕಿನ ಕೈಲಾಂಚ ಹೋಬಳಿಯನ್ನೇ ತೆಗೆದುಕೊಳ್ಳಿ. ರೇವಣಸಿದ್ದೇಶ್ವರ ಬೆಟ್ಟದ ಅವ್ವೇರಹಳ್ಳಿ, ವಿಭೂತಿಕೆರೆಯಂಥ ಊರುಗಳಿರುವ ಈ ಸೀಮೆ ರೇಷ್ಮೆ, ಮಾವು, ಹಾಲನ್ನು ನಂಬಿಕೊಂಡಿರುವ ಸೀಮೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾದ ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೆಸರು ಪಡೆಯಿತು. ಇಲ್ಲಿನ ರೈತರಿಗೆ ಲೆಕ್ಕ ಹೊಸದಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಕೆ.ಜಿ.ಗೆ ಹತ್ತು ರೂಪಾಯಿ ಏರಿಳಿದರೂ ಅವರಿಗೆ ಗೊತ್ತಾಗುತ್ತದೆ. ಹಾಲಿನ ಡಿಗ್ರಿ ಕಡಿಮೆ ಬಂತೆಂದರೆ ಡೇರಿಯ ಬಾಗಿಲಲ್ಲೇ ನಿಂತು ಕಾರ್ಯದರ್ಶಿಯನ್ನು ಕೇಳುತ್ತಾರೆ. ಅದೇ ಜನ ತಮ್ಮ ಮಕ್ಕಳು ಓದುವ ಶಾಲೆಯ ಖಾತೆಯಲ್ಲಿ ಎಷ್ಟಿದೆ ಎಂದು ಕೇಳುವುದು ಅಪರೂಪ. ಈ ಲೇಖನ ಹೇಳಬೇಕೆಂದಿರುವುದು ಇಷ್ಟೇ: ಸಣ್ಣ ಶಾಲೆಯ ಹಣಕಾಸು ಗಟ್ಟಿಯಾಗುವುದು ದೊಡ್ಡ ದಾನಿ ಸಿಕ್ಕಾಗ ಅಲ್ಲ, ಅದರ ಲೆಕ್ಕವನ್ನು ಊರು ಕಿವಿಗೊಟ್ಟು ಕೇಳತೊಡಗಿದಾಗ.

ಇಪ್ಪತ್ತು ವರ್ಷದ ಜಮಾ

ಎಸ್‌ಡಿಎಂಸಿ ಹುಟ್ಟಿದ್ದು 2001ರ ಏಪ್ರಿಲ್ 28ರ ಸರ್ಕಾರಿ ಆದೇಶದಿಂದ. ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯಲ್ಲಿ ರಚನೆಯಾದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಫಲ ಅದು. ಅದಕ್ಕೆ ಮೊದಲೂ ಶಾಲಾ ಬೆಟರ್‌ಮೆಂಟ್ ಕಮಿಟಿ, ಗ್ರಾಮ ಶಿಕ್ಷಣ ಸಮಿತಿ ಎಂಬ ಹೆಸರಿನ ಸಮಿತಿಗಳಿದ್ದವು. ಅವುಗಳಲ್ಲಿ ಕೂರುತ್ತಿದ್ದವರು ಹೆಚ್ಚಾಗಿ ಊರಿನ ಮುಖಂಡರು. 2001ರ ಆದೇಶ ಆ ಜಾಗಕ್ಕೆ ಮಕ್ಕಳ ತಂದೆತಾಯಿಯರನ್ನು ತಂದಿತು. ಪೋಷಕರೇ ಆರಿಸಿದ ಒಂಬತ್ತು ಮಂದಿ ಪೋಷಕರು ಅದರ ತಿರುಳಾದರು. 2006ರಲ್ಲಿ ಬಂದ ಮಾದರಿ ಉಪವಿಧಿಗಳು ಸಮಿತಿಯನ್ನು ಗ್ರಾಮ ಪಂಚಾಯಿತಿಯ ಜೊತೆ ಬೆಸೆದವು. 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದ ಮೇಲೆ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು ಇರಲೇಬೇಕೆಂಬುದು ಕಾನೂನಾಯಿತು. ಸರ್ಕಾರದಿಂದಲೋ ಬೇರೆಲ್ಲಿಂದಲೋ ಬಂದ ಅನುದಾನ ಸರಿಯಾಗಿ ಬಳಕೆಯಾಗಿದೆಯೇ ಎಂದು ನೋಡುವುದು ಸಮಿತಿಯ ಕರ್ತವ್ಯ ಎಂದು ಆ ಕಾಯ್ದೆಯ 21ನೇ ಸೆಕ್ಷನ್ ಬಿಡಿಸಿ ಹೇಳಿದೆ.

ಅಧಿಕಾರ ಹೀಗೆ ಹಂತಹಂತವಾಗಿ ಬೆಳೆಯಿತು. ಹಣ ಅದೇ ವೇಗದಲ್ಲಿ ಬೆಳೆಯಲಿಲ್ಲ. ಸರ್ವ ಶಿಕ್ಷಣ ಅಭಿಯಾನದ ಮೊದಲ ವರ್ಷಗಳಲ್ಲಿ ಶಾಲಾ ಅನುದಾನ 2 ಸಾವಿರ, ದುರಸ್ತಿಗೆಂದು 5 ಸಾವಿರದವರೆಗೆ, ಪ್ರತಿ ಶಿಕ್ಷಕರಿಗೆ ಕಲಿಕೋಪಕರಣಕ್ಕೆ 500 ರೂಪಾಯಿ ಬರುತ್ತಿತ್ತು. ಇಬ್ಬರು ಶಿಕ್ಷಕರ ಶಾಲೆಗೆ ಒಟ್ಟು 8 ಸಾವಿರದವರೆಗೆ. ಮುಂದೆ ಶಾಲಾ ಅನುದಾನ ಕಿರಿಯ ಪ್ರಾಥಮಿಕಕ್ಕೆ 5 ಸಾವಿರ, ಹಿರಿಯ ಪ್ರಾಥಮಿಕಕ್ಕೆ 7 ಸಾವಿರಕ್ಕೆ ಏರಿತು. ಮೂರು ಕೊಠಡಿಯವರೆಗಿನ ಶಾಲೆಯ ದುರಸ್ತಿಗೆ 5 ಸಾವಿರ. ಅದೇ ಇಬ್ಬರು ಶಿಕ್ಷಕರ ಕಿರಿಯ ಪ್ರಾಥಮಿಕ ಶಾಲೆಗೆ ಆಗ 11 ಸಾವಿರ ಆಯಿತು. 2018ರಲ್ಲಿ ಸಮಗ್ರ ಶಿಕ್ಷಣ ಯೋಜನೆ ಎಲ್ಲವನ್ನೂ ಒಂದೇ ಅನುದಾನವಾಗಿ ಕೂಡಿಸಿ 25 ಸಾವಿರದಿಂದ ಒಂದು ಲಕ್ಷದವರೆಗೆ ಕೊಡುವುದಾಗಿ ಹೇಳಿತು. ಆಮೇಲೆ ಸಣ್ಣ ಶಾಲೆಗಳಿಗೆಂದು ಕೆಳಗಿನ ಮೆಟ್ಟಿಲು ಹುಟ್ಟಿಕೊಂಡಿತು. ಈಗ ಮೂವತ್ತು ಮತ್ತು ಅದಕ್ಕಿಂತ ಕಡಿಮೆ ಮಕ್ಕಳ ಶಾಲೆಗೆ ಬರೀ 10 ಸಾವಿರ.

ಅಂದರೆ ಅತಿ ಸಣ್ಣ ಶಾಲೆಯ ಕೈಗೆ ಇಂದು ಬರುವ ಮೊತ್ತ ಸರ್ವ ಶಿಕ್ಷಣ ಅಭಿಯಾನದಡಿ ಒಂದು ಹಂತದಲ್ಲಿ ಬರುತ್ತಿದ್ದುದಕ್ಕಿಂತ ಒಂದು ಸಾವಿರ ಕಡಿಮೆ. ಅಷ್ಟರಲ್ಲಿ ಬಣ್ಣದ ಡಬ್ಬಿಯ ಬೆಲೆ, ಗಾರೆಯವರ ದಿನಗೂಲಿ ಎಲ್ಲಿಗೆ ಹೋಗಿದೆ ಎಂಬುದು ಮನೆ ಕಟ್ಟಿಸಿದ ಯಾರಿಗಾದರೂ ಗೊತ್ತು. ಮಕ್ಕಳ ತಲೆ ಎಣಿಸಿ ಹಣ ಕೊಡುವ ಈ ಕ್ರಮದಲ್ಲಿ ಒಂದು ಮೂಲ ದೋಷವಿದೆ. ಚಾವಣಿ ಸೋರುವುದು ಮಕ್ಕಳ ಸಂಖ್ಯೆ ನೋಡಿಕೊಂಡಲ್ಲ. ಇಪ್ಪತ್ತು ಮಕ್ಕಳಿದ್ದರೂ ಎರಡು ಕೊಠಡಿ, ಒಂದು ಅಡುಗೆಕೋಣೆ, ಎರಡು ಶೌಚಾಲಯ ಬೇಕೇ ಬೇಕು. ಮಕ್ಕಳು ಖಾಸಗಿ ಶಾಲೆಯ ಬಸ್ಸು ಹತ್ತಿದಷ್ಟೂ ಅನುದಾನ ಇಳಿಯುತ್ತದೆ, ಅನುದಾನ ಇಳಿದಷ್ಟೂ ಶಾಲೆ ಕಳೆಗುಂದುತ್ತದೆ, ಕಳೆಗುಂದಿದ ಶಾಲೆಯಿಂದ ಇನ್ನೆರಡು ಮಕ್ಕಳು ಹೊರಡುತ್ತಾರೆ.

ಹೊರೆ ಇಳಿದದ್ದೂ ಉಂಟು. 2023ರ ಕನ್ನಡ ರಾಜ್ಯೋತ್ಸವದಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರು ಕೊಡುವುದಾಗಿ ಘೋಷಿಸಿದರು. ತಿಂಗಳ ಬಿಲ್ಲನ್ನು ಜೇಬಿನಿಂದ ಕಟ್ಟಿ ಅನುದಾನಕ್ಕಾಗಿ ಕಾಯುತ್ತಿದ್ದ ಶಿಕ್ಷಕರಿಗೆ ಇದು ನಿಜವಾದ ಬಿಡುಗಡೆ. ದಾನಿಗಳು ಫ್ಯಾನು ಕೊಡಿಸುತ್ತಾರೆ, ಅದು ತಿರುಗಲು ಪ್ರತಿ ತಿಂಗಳು ಹಣ ಕೊಡುವವರು ಯಾರೂ ಇಲ್ಲ. ಅಂಥ ಖರ್ಚನ್ನು ಸರ್ಕಾರ ಹೊರುವುದೇ ನ್ಯಾಯ.

ಹೊಂದದ ಮೂರು ಕ್ಯಾಲೆಂಡರ್

ಮೊತ್ತದಷ್ಟೇ ಮುಖ್ಯವಾದದ್ದು ಹಣ ಬರುವ ಕಾಲ. ಶಾಲೆಗೆ ದುಡ್ಡು ಬೇಕಾಗುವುದು ಮೇ ಕೊನೆ, ಜೂನ್ ಮೊದಲಲ್ಲಿ. ಬೇಸಿಗೆ ರಜೆಯಲ್ಲಿ ಕೆಟ್ಟದ್ದೆಲ್ಲ ಶಾಲೆ ತೆರೆದ ದಿನ ಕಣ್ಣಿಗೆ ಬೀಳುತ್ತದೆ. ಮಳೆ ಹಿಡಿಯುವ ಮುಂಚೆ ಹೆಂಚು ಕೈಯಾಡಿಸಬೇಕು. ಆದರೆ ಸರ್ಕಾರದ ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಹುಟ್ಟಿ, ಮಂಜೂರಾತಿ ದೆಹಲಿಯಿಂದ ಬೆಂಗಳೂರಿಗೆ, ಅಲ್ಲಿಂದ ಕೆಳಕ್ಕೆ ಇಳಿಯುವಷ್ಟರಲ್ಲಿ ವರ್ಷದ ಬಹುಭಾಗ ಕಳೆದಿರುತ್ತದೆ. ಕೊನೆಯ ತಿಂಗಳುಗಳಲ್ಲಿ ಬಂದ ಹಣವನ್ನು ಮಾರ್ಚ್ 31ರೊಳಗೆ ಮುಗಿಸಿ ಹಣ ಬಳಕೆ ಪ್ರಮಾಣಪತ್ರ ಕೊಡಬೇಕೆಂಬ ಅವಸರ. ಆ ಅವಸರದಲ್ಲಿ ಬೇಕಾದ ವಸ್ತುವಿಗಿಂತ ಬೇಗ ಬಿಲ್ಲು ಸಿಗುವ ವಸ್ತುವೇ ಶಾಲೆಗೆ ಬರುತ್ತದೆ.

ಮೊದಲೆಲ್ಲ ಶಾಲೆಯ ಜಂಟಿ ಖಾತೆಗೆ ಹಣ ಜಮಾ ಆಗುತ್ತಿತ್ತು. ಮುಖ್ಯ ಶಿಕ್ಷಕರೂ ಎಸ್‌ಡಿಎಂಸಿ ಅಧ್ಯಕ್ಷರೂ ಸಹಿ ಹಾಕಿದರೆ ತೆಗೆಯಬಹುದಿತ್ತು. ಉಳಿದದ್ದು ಮುಂದಿನ ವರ್ಷಕ್ಕೆ ಆರಂಭಿಕ ಶಿಲ್ಕಾಗಿ ನಿಲ್ಲುತ್ತಿತ್ತು, ಸ್ವಲ್ಪ ಬಡ್ಡಿಯೂ ಸೇರುತ್ತಿತ್ತು. 2021ರ ಜುಲೈನಿಂದ ಕೇಂದ್ರ ಪುರಸ್ಕೃತ ಯೋಜನೆಗಳಿಗೆ ರಾಜ್ಯಕ್ಕೊಂದೇ ನೋಡಲ್ ಖಾತೆ ಎಂಬ ವ್ಯವಸ್ಥೆ ಬಂತು. ಕೆಳಗಿನ ಖಾತೆಗಳು ಶೂನ್ಯ ಶಿಲ್ಕಿನವು. ಶಾಲೆಗೆ ಸಿಗುವುದು ಇಷ್ಟರವರೆಗೆ ಖರ್ಚು ಮಾಡಬಹುದು ಎಂಬ ಮಿತಿ ಮಾತ್ರ. ಹಣ ಎಲ್ಲೆಲ್ಲೋ ಕೊಳೆಯುವುದು ಇದರಿಂದ ತಪ್ಪಿತು, ಒಪ್ಪತಕ್ಕ ಮಾತು. ಆದರೆ ಹೋದ ವರ್ಷದ ಮೂರು ಸಾವಿರ ಉಳಿಸಿ ಈ ಜೂನ್‌ನಲ್ಲಿ ಹೆಂಚು ಹಾಕಿಸುವ ದಾರಿಯೂ ಮುಚ್ಚಿತು.

ಶಾಲೆಯದು, ಸರ್ಕಾರದ್ದು ಆಯಿತು; ಮೂರನೆಯದು ಊರಿನ ಕ್ಯಾಲೆಂಡರ್. ಕೈಲಾಂಚದ ಕಡೆ ಕೈಯಲ್ಲಿ ಕಾಸು ಓಡಾಡುವ ಕಾಲ ಬೇರೆ. ಬಾದಾಮಿ ಮಾವು ಬೇಸಿಗೆಯಲ್ಲಿ ಮಾರುಕಟ್ಟೆಗೆ ಹೋಗುತ್ತದೆ, ತೋಟವನ್ನು ಗುತ್ತಿಗೆಗೆ ಕೊಟ್ಟವರಿಗೆ ಅದಕ್ಕೂ ಮುಂಚೆ ಮುಂಗಡ ಸಿಗುತ್ತದೆ. ರೇಷ್ಮೆ ಬೆಳೆ ಸರಿಹೋದ ಮನೆಗೆ ಗೂಡಿನ ದುಡ್ಡು ವರ್ಷದಲ್ಲಿ ಹಲವು ಸಲ ಬರುತ್ತದೆ. ಹಾಲಿನ ಬಟವಾಡೆಯಂತೂ ವರ್ಷಪೂರ್ತಿ ನಿಲ್ಲದ ಆದಾಯ. ಇದನ್ನು ಬಲ್ಲ ಸಮಿತಿ ಮಾವಿನ ಕಾಲದಲ್ಲಿ ಶಾಲೆಯ ಕೊರತೆಯ ಪಟ್ಟಿ ಹಿಡಿದು ತೋಟ ಇರುವವರ ಮನೆಗೆ ಹೋಗುತ್ತದೆ. ಬರದ ವರ್ಷದ ಜುಲೈನಲ್ಲಿ ಚಂದಾ ಪುಸ್ತಕ ತೆರೆದರೆ ಯಾರು ತಾನೇ ಕೊಟ್ಟಾರು? ಸಮಿತಿ ತನ್ನದೇ ಆದ ಸಣ್ಣ ನಿಧಿಯನ್ನು ಬೇರೆ ಖಾತೆಯಲ್ಲಿ ಇಟ್ಟುಕೊಳ್ಳುವುದು ಈ ಮೂರು ಕ್ಯಾಲೆಂಡರ್‌ಗಳ ನಡುವಿನ ಕಂದಕಕ್ಕೆ ಹಾಕುವ ಸಂಕ. ಅದರಲ್ಲಿ ಹದಿನೈದು ಸಾವಿರವಿದ್ದರೂ ಜೂನ್ ತಿಂಗಳು ದಾಟುತ್ತದೆ.

ನೂರು ರೂಪಾಯಿಯ ಸುತ್ತೋಲೆ

ಆ ನಿಧಿ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಶಿಕ್ಷಣ ಇಲಾಖೆ 2022ರ ಅಕ್ಟೋಬರ್‌ನಲ್ಲಿ ಒಂದು ಉತ್ತರ ಕೊಟ್ಟಿತ್ತು. ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂಬ ಸುತ್ತೋಲೆ ಅದು. ಸ್ವಯಂಪ್ರೇರಿತ ಎಂಬ ಮಾತು ಅದರಲ್ಲಿತ್ತು. ರಾಜ್ಯದಾದ್ಯಂತ ವಿರೋಧ ಎದ್ದಿತು, ಕೆಲವೇ ದಿನಗಳಲ್ಲಿ ಸುತ್ತೋಲೆ ಹಿಂದಕ್ಕೆ ಹೋಯಿತು.

ಕಾಗದದ ಮೇಲೆ ಆ ಲೆಕ್ಕ ಆಕರ್ಷಕ. ಮೂವತ್ತು ಮಕ್ಕಳ ಶಾಲೆಯಲ್ಲಿ ಹತ್ತು ತಿಂಗಳಿಗೆ 30 ಸಾವಿರ, ಸರ್ಕಾರದ ಅನುದಾನದ ಮೂರು ಪಟ್ಟು. ಆದರೆ ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸುವವರು ಯಾರು? ಕೂಲಿಗೆ ಹೋಗುವವರು, ತುಂಡು ಭೂಮಿಯವರು, ಹುಳುಮನೆಯಲ್ಲೋ ಇಟ್ಟಿಗೆ ಗೂಡಿನಲ್ಲೋ ದುಡಿಯಲು ಬೇರೆ ಕಡೆಯಿಂದ ಬಂದವರು. ಎರಡು ಮಕ್ಕಳಿದ್ದರೆ ತಿಂಗಳಿಗೆ ಇನ್ನೂರು. ಕೇಳುವವರು ಮಗುವಿಗೆ ಪಾಠ ಹೇಳುವ ಮೇಷ್ಟ್ರು. ಕೊಡದವರ ಮಗು ಅದೇ ತರಗತಿಯಲ್ಲಿ ಕೂತಿರುತ್ತದೆ. ಅಂಥ ಕಡೆ ಸ್ವಯಂಪ್ರೇರಣೆ ಎಂಬ ಮಾತಿಗೆ ಬೆಲೆ ಉಳಿಯುವುದಿಲ್ಲ. ಉಚಿತ ಮತ್ತು ಕಡ್ಡಾಯ ಶಿಕ್ಷಣ ಎಂದು ಶಿಕ್ಷಣ ಹಕ್ಕು ಕಾಯ್ದೆಯ ಹೆಸರಿನಲ್ಲೇ ಹೇಳಿದ ಮೇಲೆ ಶಾಲೆ ನಡೆಸುವ ಖರ್ಚನ್ನು ತಲೆಗಿಷ್ಟು ಎಂದು ಹಂಚುವುದು ತಪ್ಪು. ಸುತ್ತೋಲೆ ಹಿಂದೆ ಹೋದದ್ದು ಸರಿಯಾಯಿತು.

ಹಾಗೆಂದು ಊರು ಕೊಡಬಾರದೆಂದಲ್ಲ. ಹಳೇ ಮೈಸೂರು ಸೀಮೆಯ ಎಷ್ಟೋ ಶಾಲೆಗಳು ನಿಂತಿರುವ ಜಾಗವೇ ಯಾರೋ ರೈತರು ಬಿಟ್ಟುಕೊಟ್ಟದ್ದು. ಕೊಡುವವರು ಉಳ್ಳವರಾಗಿರಬೇಕು, ಹಳೆಯ ವಿದ್ಯಾರ್ಥಿಗಳಾಗಿರಬೇಕು, ಕೇಳುವವರು ಸಮಿತಿಯವರಾಗಿರಬೇಕು, ಕೊಡದವರ ಪಟ್ಟಿ ಎಂಬುದು ಇರಲೇಬಾರದು. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಇರಬೇಕು. ದುಡ್ಡಿಲ್ಲದ ತಂದೆ ಒಂದು ಭಾನುವಾರ ಬಂದು ಕಾಂಪೌಂಡಿನ ಗಿಡಗಂಟಿ ಕಡಿದರೆ ಅದನ್ನೂ ಜಮಾ ಕಡೆ ಹೆಸರು ಹಾಕಿ ಬರೆಯಬೇಕು.

ದಾನ ಬಂದ ಮೇಲಿನ ಖರ್ಚು

ಕೈಲಾಂಚದ ತಾಲ್ಲೂಕಿನಲ್ಲೇ ಬಿಡದಿ ಕೈಗಾರಿಕಾ ಪ್ರದೇಶವಿದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕೆಂದು ವಿಧಿಸಿತು. ಅಂದಿನಿಂದ ಸಿಎಸ್‌ಆರ್ ಎಂಬ ಮಾತು ಶಾಲೆಯ ಪಡಸಾಲೆಗೂ ಬಂದಿದೆ. ಶೌಚಾಲಯ, ಕೊಠಡಿ, ಶುದ್ಧ ನೀರಿನ ಯಂತ್ರ, ಕಂಪ್ಯೂಟರ್, ಗೋಡೆಯ ತುಂಬ ಚಿತ್ರ ಬಂದಿವೆ, ಮಕ್ಕಳ ಬದುಕು ಹಸನಾಗಿದೆ. ಅದಕ್ಕಾಗಿ ಕೊಟ್ಟವರಿಗೆ ಕೃತಜ್ಞತೆ ಸಲ್ಲಲೇಬೇಕು.

ಆದರೆ ಪ್ರತಿ ದಾನವೂ ತನ್ನ ಹಿಂದೆ ಒಂದು ಖರ್ಚನ್ನು ಕರೆದುಕೊಂಡು ಬರುತ್ತದೆ. ನೀರಿನ ಯಂತ್ರದ ಫಿಲ್ಟರ್ ಬದಲಿಸಬೇಕು. ಯುಪಿಎಸ್‌ನ ಬ್ಯಾಟರಿ ಕೆಲವೇ ವರ್ಷಕ್ಕೆ ಸಾಯುತ್ತದೆ. ಹೊಸ ಶೌಚಾಲಯವನ್ನು ದಿನಾ ತೊಳೆಯುವವರಿಗೆ ಕೂಲಿ ಕೊಡಬೇಕು. ದಾನಿಗಳ ನೆರವಿನಿಂದ ಎಲ್‌ಕೆಜಿ, ಯುಕೆಜಿ ಶುರುಮಾಡಿದ ಸಮಿತಿಗಳಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಶಿಕ್ಷಕಿಯ ಗೌರವಧನ ಮೊದಲ ವರ್ಷ ಸಲೀಸಾಗಿ ಸಿಗುತ್ತದೆ, ಮೂರನೇ ವರ್ಷ ಅಧ್ಯಕ್ಷರು ಮನೆಮನೆ ಅಲೆಯುತ್ತಾರೆ. ಇದಕ್ಕೆ ಸಮಿತಿ ಒಂದು ಠರಾವು ಮಾಡಿಟ್ಟುಕೊಳ್ಳಬಹುದು: ಯಂತ್ರ ಕೊಡುವವರು ಅದರ ಬೆಲೆಯ ಹತ್ತನೇ ಒಂದು ಪಾಲನ್ನು ರಿಪೇರಿ ಠೇವಣಿಯಾಗಿಯೂ ಕೊಡಬೇಕು. ಒಪ್ಪದವರಿಂದ ಪುಸ್ತಕವನ್ನೋ ಬೆಂಚನ್ನೋ ಪಡೆಯುವುದು ಮೇಲು.

ಠೇವಣಿಗೂ ಕಾಲದ ಪೆಟ್ಟು ತಪ್ಪಿದ್ದಲ್ಲ. ತೀರಿಕೊಂಡ ಹಿರಿಯರ ನೆನಪಿಗೆ ಸಾವಿರ ರೂಪಾಯಿ ಬ್ಯಾಂಕಿನಲ್ಲಿಟ್ಟು, ಬಡ್ಡಿಯಲ್ಲಿ ಏಳನೇ ತರಗತಿಯ ಮೊದಲಿಗರಿಗೆ ಬಹುಮಾನ ಕೊಡಿ ಎನ್ನುವ ದತ್ತಿ ನಿಧಿಗಳು ನಮ್ಮ ಶಾಲೆಗಳಲ್ಲಿ ಹಲವು. ತೊಂಬತ್ತರ ದಶಕದಲ್ಲಿ ನಿಶ್ಚಿತ ಠೇವಣಿಗೆ ಶೇ 10ರಿಂದ 12ರ ಬಡ್ಡಿ ಸಿಗುತ್ತಿತ್ತು. ನೂರು ರೂಪಾಯಿಗೆ ಒಳ್ಳೆಯ ನಿಘಂಟು ಬರುತ್ತಿತ್ತು. ಈಗ ಶೇ 6–7ರ ಬಡ್ಡಿಯಲ್ಲಿ ಸಿಗುವ ಅರವತ್ತು ಎಪ್ಪತ್ತು ರೂಪಾಯಿಗೆ ಎರಡು ನೋಟ್‌ಬುಕ್ ಬಂದರೆ ಹೆಚ್ಚು. ಆ ಕುಟುಂಬದ ಮಕ್ಕಳು ಇಂದು ಬೆಂಗಳೂರಿನಲ್ಲಿ ಚೆನ್ನಾಗಿಯೇ ಇರುತ್ತಾರೆ. ಹಳೆಯ ಠೇವಣಿ ರಸೀದಿಯ ಪ್ರತಿಯೊಂದನ್ನು ಅವರಿಗೆ ಕಳಿಸಿ ನಿಧಿಯನ್ನು ಹಿಗ್ಗಿಸುವಂತೆ ಕೇಳುವುದು ಸಮಿತಿಯ ಕೆಲಸ. ಕೇಳದೆ ಇರುವುದರಿಂದಲೇ ಎಷ್ಟೋ ನಿಧಿಗಳು ಸೊರಗಿವೆ.

ಸಂಘ ನೋಂದಾಯಿಸುವ ಮುನ್ನ

ಹಳೆಯ ವಿದ್ಯಾರ್ಥಿಗಳು ಸೇರಿ ಸಂಘ ಕಟ್ಟಿದರೆ ಹಣ ಸಲೀಸಾಗಿ ಬರುತ್ತದೆ ಎಂಬ ಸಲಹೆ ಎಲ್ಲೆಡೆ ಕೇಳುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ಆಗುತ್ತದೆ. ಅಲ್ಲಿಂದ ಮುಂದೆ ಪ್ರತಿ ವರ್ಷ ಮಹಾಸಭೆ, ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ದಾನಿಗಳಿಗೆ 80ಜಿ ತೆರಿಗೆ ವಿನಾಯಿತಿ ಬೇಕೆಂದರೆ ಆದಾಯ ತೆರಿಗೆ ಇಲಾಖೆಯ ನೋಂದಣಿ ಬೇಕು, ದಾನಿಗಳ ವಿವರವನ್ನು ವರ್ಷವರ್ಷ ಸಲ್ಲಿಸಬೇಕು, ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. 2021ರ ಏಪ್ರಿಲ್‌ನಿಂದ ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗೆ ಇನ್ನೊಂದು ನೋಂದಣಿಯೂ ಕಡ್ಡಾಯ. ವರ್ಷಕ್ಕೆ ನಲವತ್ತು ಸಾವಿರ ಸೇರಿಸುವ ಸಂಘಕ್ಕೆ ಆಡಿಟರ ಫೀಸೇ ದೊಡ್ಡ ಖರ್ಚಾಗುತ್ತದೆ.

ವಿದೇಶದಲ್ಲಿರುವ ಊರಿನ ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಅಲ್ಲ. ಅದೇ ವ್ಯಕ್ತಿ ಅಮೆರಿಕದ ಪೌರತ್ವ ಪಡೆದ ಮೇಲೆ ಕೊಟ್ಟರೆ ಅದು ವಿದೇಶಿ ದೇಣಿಗೆ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಇಲ್ಲದೆ, ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿ ಖಾತೆ ಇಲ್ಲದೆ ಅದನ್ನು ಪಡೆಯುವಂತಿಲ್ಲ. ಹಾಗಾಗಿ ಒಂದೊಂದು ಶಾಲೆಗೂ ಒಂದೊಂದು ಸಂಘ ಕಟ್ಟುವ ಬದಲು ಹೋಬಳಿಯ ಶಾಲೆಗಳೆಲ್ಲ ಸೇರಿ ಒಂದೇ ಸಂಘ ಮಾಡಿಕೊಂಡು, ಒಬ್ಬರೇ ಆಡಿಟರನ್ನು ಇಟ್ಟುಕೊಳ್ಳುವುದು ಜಾಣತನ. ಕಾಂಪೌಂಡು, ಆಟದ ಮೈದಾನದಂಥ ಕೆಲಸಕ್ಕೆ ದೇಣಿಗೆ ಎತ್ತುವ ಮೊದಲು ಪಂಚಾಯಿತಿಯ ಉದ್ಯೋಗ ಖಾತರಿ ಕ್ರಿಯಾಯೋಜನೆಗೆ ಅದನ್ನು ಸೇರಿಸುವಂತೆ ಗ್ರಾಮಸಭೆಯಲ್ಲಿ ಕೇಳಬೇಕು.

ಓದಿ ಹೇಳಿದ ಲೆಕ್ಕದ ಬಲ

ಸಮಿತಿಯ ಅವಧಿ ಮೂರು ವರ್ಷ. ಮೇಷ್ಟ್ರಿಗೆ ವರ್ಗಾವಣೆ ಆಗುತ್ತದೆ. ಚಾರ್ಜ್ ಕೊಡುವಾಗ ನಗದು ಪುಸ್ತಕ, ದಾಸ್ತಾನು ವಹಿ ಕೈಬದಲಾಗುತ್ತವೆ. ಯಾವ ದಾನಿ ಯಾಕೆ ಕೊಟ್ಟರು, ಯಾವ ಕೆಲಸ ಅರ್ಧಕ್ಕೆ ನಿಂತಿದೆ ಎಂಬುದು ಪುಸ್ತಕದಲ್ಲಿ ಇರುವುದಿಲ್ಲ. ಆ ನೆನಪನ್ನು ಹೊತ್ತುಕೊಳ್ಳಬಲ್ಲದ್ದು ಊರು ಮಾತ್ರ. ಊರು ನೆನಪಿಟ್ಟುಕೊಳ್ಳಬೇಕಾದರೆ ಅದಕ್ಕೆ ಹೇಳಿರಬೇಕು.

ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಉಗಾಂಡದ ಅನುಭವವಿದೆ. ಅರ್ಥಶಾಸ್ತ್ರಜ್ಞರಾದ ರಿಟ್ವಾ ರೈನಿಕ್ಕಾ ಮತ್ತು ಯಾಕೋಬ್ ಸ್ವೆನ್ಸನ್ ಲೆಕ್ಕ ಹಾಕಿದಾಗ, 1991ರಿಂದ 95ರವರೆಗೆ ಸರ್ಕಾರ ಬಿಡುಗಡೆ ಮಾಡಿದ ಶಾಲಾ ಅನುದಾನದಲ್ಲಿ ಶಾಲೆ ಮುಟ್ಟಿದ್ದು ಸರಾಸರಿ ಶೇ 13 ಮಾತ್ರ ಎಂದು ತಿಳಿಯಿತು. ಆಮೇಲೆ ಯಾವ ಜಿಲ್ಲೆಗೆ ಎಷ್ಟು ಕಳಿಸಿದ್ದೇವೆ ಎಂದು ಸರ್ಕಾರ ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿತು. 2001ರ ಹೊತ್ತಿಗೆ ಶೇ 80ಕ್ಕಿಂತ ಹೆಚ್ಚು ಹಣ ಶಾಲೆ ತಲುಪುತ್ತಿತ್ತು. ಮೆಕ್ಸಿಕೊದಲ್ಲಿ 1996ರಿಂದ ಬಡ ಗ್ರಾಮೀಣ ಶಾಲೆಗಳ ಪೋಷಕರ ಸಂಘಗಳಿಗೇ ವರ್ಷಕ್ಕೆ 500ರಿಂದ 700 ಡಾಲರ್ ಕೊಟ್ಟು ಖರ್ಚಿನ ನಿರ್ಧಾರ ಬಿಟ್ಟಾಗ ಫೇಲಾಗುವ ಮಕ್ಕಳ ಪ್ರಮಾಣ ತಗ್ಗಿದ್ದನ್ನು ಅಧ್ಯಯನಗಳು ಗುರುತಿಸಿವೆ. ಮೊತ್ತ ಚಿಕ್ಕದು. ಅದರ ಮೇಲೆ ಪೋಷಕರ ಕಣ್ಣಿದ್ದದ್ದು ದೊಡ್ಡದು.

ನಮಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಹಾಲು ಉತ್ಪಾದಕರ ಸಹಕಾರ ಸಂಘದ ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ಜಮಾಖರ್ಚು ಓದುತ್ತಾರೆ, ಬೋನಸ್ ಏಕೆ ಇಳಿಯಿತು, ಪಶು ಆಹಾರದ ಬಾಕಿ ಯಾರ ಮೇಲಿದೆ ಎಂದು ಸದಸ್ಯರು ಎದ್ದು ನಿಂತು ಕೇಳುತ್ತಾರೆ. 2000–01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಸಂಘಗಳಲ್ಲಿ ವಾರವಾರ ಉಳಿತಾಯ ಬರೆದು, ಸಾಲ ಕೊಟ್ಟು, ವಸೂಲಿ ಮಾಡಿ, ಲೆಕ್ಕ ತಾಳೆ ನೋಡುವ ಹೆಂಗಸರು ಪ್ರತಿ ಊರಲ್ಲಿದ್ದಾರೆ. ಎಸ್‌ಡಿಎಂಸಿಯ ಅರ್ಧ ಸ್ಥಾನ ಅವರದೇ. ನಡಾವಳಿ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳಲು ಮಾತ್ರ ಅವರನ್ನು ಕರೆಯುವುದು ಊರಿನ ಅತ್ಯುತ್ತಮ ಲೆಕ್ಕಿಗರನ್ನು ಬಾಗಿಲಲ್ಲಿ ನಿಲ್ಲಿಸಿದಂತೆ. ನಗದು ಪುಸ್ತಕವನ್ನು ತಿಂಗಳಿಗೊಮ್ಮೆ ತಾಳೆ ನೋಡುವ ಹೊಣೆಯನ್ನು ಅವರಲ್ಲಿ ಇಬ್ಬರಿಗೆ ಠರಾವಿನ ಮೂಲಕ ವಹಿಸಬೇಕು.

ಆಗಸ್ಟ್ 15 ಮತ್ತು ಜನವರಿ 26ರಂದು ಊರು ಹೇಗೂ ಶಾಲೆಯಂಗಳಕ್ಕೆ ಬರುತ್ತದೆ. ಬಾವುಟ ಏರಿದ ಮೇಲೆ, ಮಿಠಾಯಿ ಹಂಚುವ ಮೊದಲು, ಹತ್ತು ನಿಮಿಷ ಸಾಕು. ಸರ್ಕಾರದಿಂದ ಬಂದದ್ದು ಇಷ್ಟು, ಬಂದ ದಿನಾಂಕ ಇದು. ದಾನಿಗಳಿಂದ ಇಷ್ಟು, ಖರ್ಚು ಇಂತಿಂಥದ್ದಕ್ಕೆ ಇಷ್ಟು, ಉಳಿದದ್ದು ಇಷ್ಟು, ಮುಂದಿನ ಆರು ತಿಂಗಳಿಗೆ ಬೇಕಾದದ್ದು ಇಷ್ಟು. ಐದು ಸಾಲು. ಸಮಿತಿಯ ಒಬ್ಬ ತಾಯಿ ಓದಲಿ, ಅದೇ ಹಾಳೆಯನ್ನು ನೋಟಿಸ್ ಬೋರ್ಡಿಗೂ ಡೇರಿಯ ಗೋಡೆಗೂ ಅಂಟಿಸಲಿ. ಅನುದಾನ ಮಾರ್ಚ್‌ವರೆಗೆ ತಡವಾಗಿದ್ದರೆ ಆ ದಿನಾಂಕವೇ ಅಧಿಕಾರಿಗಳಿಗೆ ಬರೆಯುವ ಅರ್ಜಿಗೆ ಆಧಾರವಾಗುತ್ತದೆ. ಖರ್ಚು ಸರಿಯಾಗಿದ್ದರೆ ಮೇಷ್ಟ್ರ ಮೇಲಿನ ಗುಸುಗುಸು ಅಲ್ಲೇ ನಿಲ್ಲುತ್ತದೆ. ಕೊರತೆ ಎಲ್ಲರಿಗೂ ಗೊತ್ತಾದರೆ ಕೊಡಬಲ್ಲವರು ಕೊಡುತ್ತಾರೆ.

ಸರ್ಕಾರ ಸಣ್ಣ ಶಾಲೆಯ ಅನುದಾನವನ್ನು ಕನಿಷ್ಠ 25 ಸಾವಿರಕ್ಕೆ ಏರಿಸಿ ಅರ್ಧವನ್ನಾದರೂ ಜೂನ್‌ನಲ್ಲೇ ಕೊಡಬೇಕು. ಆ ಬೇಡಿಕೆಯನ್ನು ನಾವೆಲ್ಲ ಬಿಡದೆ ಎತ್ತಬೇಕು. ತನ್ನ ಶಾಲೆಯ ಐದು ಸಾಲಿನ ಲೆಕ್ಕವನ್ನು ಬಾಯಲ್ಲಿ ಹೇಳಬಲ್ಲ ಊರು ಆ ಬೇಡಿಕೆ ಇಟ್ಟಾಗ ಅದಕ್ಕೆ ಉತ್ತರ ಕೊಡದೆ ಜಾರಿಕೊಳ್ಳುವುದು ಯಾವ ಕಚೇರಿಗೂ ಸುಲಭವಲ್ಲ.